ಅರವತ್ತು ಲ್ಯಾಪಿನ ದಮ್ಮು

ಬೆಳಗಿನ ಆರು ಗಂಟೆ. ಬೆಂಗಳೂರಿನ ಒಂದು ಬಡಾವಣೆಯ ಈಜುಕೊಳ, ಉದ್ದ 25 ಮೀಟರ್. ಮೊದಲ ಬ್ಯಾಚಿನವರು ಟೋಪಿ ಎಳೆದುಕೊಂಡು, ಕನ್ನಡಕ ಒರೆಸಿಕೊಂಡು ಒಬ್ಬೊಬ್ಬರಾಗಿ ನೀರಿಗಿಳಿಯುತ್ತಾರೆ. ಕೊನೆಯ ಲೇನಿನಲ್ಲಿ ಇಬ್ಬರು. ಒಬ್ಬರು ಭಾನುವಾರ ಬಂದರೆ ಕಬ್ಬನ್ ಪಾರ್ಕಿನಲ್ಲಿ ನಿಲ್ಲದೆ 10 ಕಿಲೋಮೀಟರ್ ಓಡುವವರು. ಇನ್ನೊಬ್ಬರು ಬಾಲ್ಯದಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಕಟ್ಟೆಯ ಮೇಲಿಂದ ಧುಮುಕಿ ತಳದ ಕಲ್ಲು ತಂದವರು. ಇಬ್ಬರಿಗೂ ನಲವತ್ತರ ಆಸುಪಾಸು. ಇಬ್ಬರೂ ಹೊರಡುತ್ತಾರೆ. ಮೊದಲ ಲ್ಯಾಪ್ ಹೇಗೋ ಮುಗಿಯುತ್ತದೆ. ಎರಡನೆಯದರ ಕೊನೆಗೆ ಇಬ್ಬರೂ ಗೋಡೆಯ ಅಂಚಿಗೆ ಜೋತುಬಿದ್ದು ಏದುಸಿರು ಬಿಡುತ್ತಿರುತ್ತಾರೆ.

ಪಕ್ಕದ ಲೇನಿನಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರು, ಯಾವ ಗಡಿಬಿಡಿಯೂ ಇಲ್ಲದೆ, ಹೋಗುತ್ತಾರೆ, ಬರುತ್ತಾರೆ. ಮತ್ತೆ ಹೋಗುತ್ತಾರೆ, ಬರುತ್ತಾರೆ. ನೀರು ಅಷ್ಟಾಗಿ ಚಿಮ್ಮುವುದೂ ಇಲ್ಲ.

ಊರೂರಿನ ಕೊಳಗಳಲ್ಲಿ ದಿನವೂ ಕಾಣುವ ನೋಟ ಇದು. ಓಡಬಲ್ಲ ಎದೆಗೂಡು ನೀರಿನಲ್ಲಿ ಯಾಕೆ ಸೋಲುತ್ತದೆ? ಬಾವಿಗೆ ಹೆದರದವರು ಕೊಳದ ಉದ್ದಕ್ಕೆ ಯಾಕೆ ದಣಿಯುತ್ತಾರೆ? ‘ನನಗೆ ದಮ್ಮಿಲ್ಲ’ ಎಂದು ಇಬ್ಬರೂ ಅಂದುಕೊಳ್ಳುತ್ತಾರೆ. ನಿಜವಾಗಿ ಅವರಿಗೆ ದಮ್ಮಿದೆ. ಅದನ್ನು ನೀರಿನಲ್ಲಿ ಹೇಗೆ ಖರ್ಚು ಮಾಡಬೇಕೆಂಬ ಲೆಕ್ಕ ಮಾತ್ರ ಇನ್ನೂ ಕೂಡಿಬಂದಿಲ್ಲ.

ನೀರಿನ ಲೆಕ್ಕವೇ ಬೇರೆ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದನ್ನು ಸೀಳಿಕೊಂಡು ಮುಂದೆ ಹೋಗುವ ದೇಹಕ್ಕೆ ಎದುರಾಗುವ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಎರಡು ಪಟ್ಟು ಮಾಡಿದರೆ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ನೆಲದ ಮೇಲೆ ಸ್ವಲ್ಪ ಜೋರಾಗಿ ಓಡಿದರೆ ಸ್ವಲ್ಪ ಹೆಚ್ಚು ದಣಿವು. ನೀರಿನಲ್ಲಿ ಸ್ವಲ್ಪ ಜೋರು ಮಾಡಿದರೂ ಶಕ್ತಿಯ ಖಜಾನೆ ಬರಿದಾಗುತ್ತದೆ. ಒಂದು ಕಿಲೋಮೀಟರ್ ಈಜಲು, ಅಷ್ಟೇ ದೂರ ಓಡುವುದಕ್ಕಿಂತ ಸುಮಾರು ನಾಲ್ಕು ಪಟ್ಟು ಶಕ್ತಿ ಬೇಕೆಂಬುದು ತರಬೇತುದಾರರು ಬಳಸುವ ಸ್ಥೂಲ ಲೆಕ್ಕ.

ಅದರ ಮೇಲೆ ಭಂಗಿಯ ಪ್ರಶ್ನೆ. ಬಾವಿಯಲ್ಲಿ ಕಲಿತವರು ತಲೆ ಎತ್ತಿ ಈಜುತ್ತಾರೆ. ಬಾವಿಗೆ ಅದು ಸರಿಯೇ. ಎದುರು ಗೋಡೆ ಎಲ್ಲಿದೆ, ಮೇಲಿಂದ ಯಾರು ಧುಮುಕುತ್ತಿದ್ದಾರೆ ಎಂದು ನೋಡಲೇಬೇಕು, ಈಜುವ ದೂರವೂ ನಾಲ್ಕು ಮಾರು. ಆದರೆ ತಲೆ ಮೇಲೆದ್ದಷ್ಟೂ ಸೊಂಟ, ಕಾಲುಗಳು ಕೆಳಗಿಳಿಯುತ್ತವೆ. ದೇಹ ಹಲಗೆಯ ಹಾಗೆ ಮಲಗುವ ಬದಲು ಇಳಿಜಾರಾಗಿ ನಿಂತು ನೀರನ್ನು ತಳ್ಳತೊಡಗುತ್ತದೆ. ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದ ಹಾಗೆ.

ಓಟಗಾರರ ತೊಂದರೆ ಬೇರೆ. ಅವರ ತೊಡೆಗಳು ಬಲಿಷ್ಠ, ಪಾದದ ಕೀಲು ಬಿಗಿ. ಆ ದೊಡ್ಡ ಸ್ನಾಯುಗಳನ್ನು ನಂಬಿ ಅವರು ಕಾಲನ್ನು ರಪರಪನೆ ಬಡಿಯುತ್ತಾರೆ. ಫ್ರೀಸ್ಟೈಲಿನಲ್ಲಿ, ಅದರಲ್ಲೂ ದೂರದ ಈಜಿನಲ್ಲಿ, ದೇಹ ಮುಂದೆ ಹೋಗುವುದು ಹೆಚ್ಚಾಗಿ ತೋಳುಗಳ ಎಳೆತದಿಂದ. ಕಾಲಿನ ಕೆಲಸ ಮುಖ್ಯವಾಗಿ ಸಮತೋಲ ಕಾಯುವುದು, ಸೊಂಟವನ್ನು ಮೇಲೆ ಹಿಡಿಯುವುದು. ಬಡಿದಷ್ಟೂ ತೊಡೆಗಳು ಆಮ್ಲಜನಕ ನುಂಗುತ್ತವೆ, ಮುಂದೆ ಹೋದದ್ದು ಮಾತ್ರ ಕಡಿಮೆ. ಹಾಗಾಗಿ ದೂರ ಈಜಬೇಕೆಂದು ಬಂದವರಿಗೆ ಒಳ್ಳೆಯ ಕೋಚ್ ಮೊದಲು ಹೇಳುವುದು ದಮ್ಮಿನ ಮಾತಲ್ಲ: ಮುಖ ನೀರಿನೊಳಗೆ, ನೋಟ ಕೊಳದ ತಳಕ್ಕೆ, ಕಾಲು ಮೆಲ್ಲಗೆ.

ಉಸಿರು ಬಿಡುವ ವಿದ್ಯೆ

ಹೊಸಬರು ನೀರಿನೊಳಗೆ ಮುಖ ಇಟ್ಟ ಕೂಡಲೇ ಉಸಿರನ್ನು ಬಿಗಿಹಿಡಿಯುತ್ತಾರೆ. ಬಾಯಿ ಮೇಲೆ ಬಂದ ಆ ಅರೆಕ್ಷಣದಲ್ಲಿ ಹಳೆಯ ಗಾಳಿಯನ್ನು ಹೊರಹಾಕಿ ಹೊಸದನ್ನು ಎಳೆದುಕೊಳ್ಳಬೇಕು. ಎರಡೂ ಅರೆಬರೆ ಆಗುತ್ತವೆ. ನಾಲ್ಕೈದು ಸಲ ಹೀಗಾದರೆ ಎದೆ ಬಿಗಿದು, ಪ್ರಾಣ ಹೋದಂತಾಗುತ್ತದೆ.

ಆ ಸಂಕಟಕ್ಕೆ ಕಾರಣ ಆಮ್ಲಜನಕ ತೀರಿಹೋದದ್ದಲ್ಲ. ಉಸಿರಾಡಬೇಕೆಂಬ ತುಡಿತವನ್ನು ಮುಖ್ಯವಾಗಿ ಹುಟ್ಟಿಸುವುದು ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಅದು ಹೊರಹೋಗದೆ ಉಳಿದಾಗ ಮೆದುಳು ಗಂಟೆ ಬಾರಿಸುತ್ತದೆ. ಓಟಗಾರರ ಎದೆಯಲ್ಲಿ ಗಾಳಿ ತುಂಬಿಯೇ ಇರುತ್ತದೆ, ಆದರೂ ಉಸಿರುಗಟ್ಟುತ್ತದೆ. ಪರಿಹಾರ ಸರಳ, ರೂಢಿಗೆ ಮಾತ್ರ ವಾರಗಳು ಬೇಕು: ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗು ಬಾಯಿಗಳಿಂದ ಗುಳ್ಳೆ ಬಿಡುತ್ತಲೇ ಇರಬೇಕು. ಆಗ ಬಾಯಿ ಮೇಲೆ ಬಂದಾಗ ಉಳಿಯುವ ಕೆಲಸ ಒಂದೇ, ಒಳಗೆ ಎಳೆದುಕೊಳ್ಳುವುದು. ತಲೆಯನ್ನು ಎತ್ತುವಂತಿಲ್ಲ, ದೇಹದ ಜೊತೆ ಪಕ್ಕಕ್ಕೆ ಹೊರಳಿಸಿದರೆ ಸಾಕು, ಕನ್ನಡಕದ ಒಂದು ಗಾಜು ನೀರಿನಲ್ಲೇ ಇರುವಷ್ಟು.

ಇದನ್ನು ಕಲಿಸಲು ಕೋಚ್‌ಗಳು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಮುಳುಗಿ ಗುಳ್ಳೆ ಬಿಟ್ಟು, ಎದ್ದು ಉಸಿರೆಳೆದು, ಮತ್ತೆ ಮುಳುಗಿ ಎಂದು ಇಪ್ಪತ್ತು ಮೂವತ್ತು ಸಲ ಮಾಡಿಸುತ್ತಾರೆ. ದೊಡ್ಡವರಿಗೆ ಮಕ್ಕಳಾಟದಂತೆ ತೋರಿ ಸಂಕೋಚವಾಗುತ್ತದೆ. ಆದರೆ ಇಷ್ಟು ಸಣ್ಣ ಶ್ರಮಕ್ಕೆ ಇಷ್ಟು ದೊಡ್ಡ ಫಲ ಕೊಡುವ ಇನ್ನೊಂದು ಅಭ್ಯಾಸ ಈಜಿನಲ್ಲಿ ಸಿಗುವುದು ಕಷ್ಟ.

ಇಲ್ಲೇ ಹೇಳಬೇಕಾದ ಎಚ್ಚರಿಕೆಯ ಮಾತೊಂದಿದೆ. ದಮ್ಮು ಬೆಳೆಯಲಿ ಎಂದು ಹುಡುಗರು ನೀರಿನಡಿ ಉಸಿರು ಹಿಡಿದು ಎಷ್ಟು ದೂರ ಹೋಗಬಹುದೆಂದು ಪಂತ ಕಟ್ಟುತ್ತಾರೆ. ಮುಳುಗುವ ಮುಂಚೆ ಜೋರುಜೋರಾಗಿ ಹತ್ತಾರು ಉಸಿರು ತೆಗೆಯುತ್ತಾರೆ. ಹೀಗೆ ಮಾಡಿದಾಗ ಇಂಗಾಲದ ಡೈಆಕ್ಸೈಡ್ ಮೊದಲೇ ಖಾಲಿಯಾಗಿ ಮೆದುಳಿನ ಗಂಟೆ ತಡವಾಗುತ್ತದೆ. ಗಂಟೆ ಬಾರಿಸುವ ಮುಂಚೆಯೇ ಆಮ್ಲಜನಕ ಇಳಿದು ಪ್ರಜ್ಞೆ ತಪ್ಪಬಹುದು, ಸದ್ದಿಲ್ಲದೆ, ಸೊಂಟಮಟ್ಟದ ನೀರಿನಲ್ಲೂ. ಚೆನ್ನಾಗಿ ಈಜಬಲ್ಲವರೇ ಹೀಗೆ ಜೀವ ಕಳೆದುಕೊಂಡಿದ್ದಾರೆ. ಲ್ಯಾಪ್ ಈಜಿನ ದಮ್ಮಿಗೂ ಈ ಪಂತಕ್ಕೂ ಸಂಬಂಧವಿಲ್ಲ.

ಗಡಿಯಾರ ಕೊಳದ ಪಕ್ಕಕ್ಕೆ ಬಂದದ್ದು

ಭಂಗಿ, ಉಸಿರು ಸರಿಹೋದ ಮೇಲೆ ದೂರದ ಮಾತು. ಬಹುಮಂದಿ ಇಲ್ಲಿ ಮಾಡುವ ತಪ್ಪು, ದಿನವೂ ಆದಷ್ಟು ದೂರ ಒಂದೇ ಉಸಿರಿಗೆ ಈಜಿ, ಸುಸ್ತಾಗಿ ನಿಲ್ಲುವುದು. ತಿಂಗಳು ಕಳೆದರೂ ಆರು ಲ್ಯಾಪು ಎಂಟಾಗುವುದಿಲ್ಲ. ದೂರವನ್ನು ತುಂಡುಮಾಡಿ, ನಡುವೆ ಅಳೆದ ವಿಶ್ರಾಂತಿ ಇಟ್ಟು ಕಟ್ಟುವ ದಾರಿಯನ್ನು ಕ್ರೀಡಾಲೋಕ ಕಂಡುಕೊಂಡು ಮುಕ್ಕಾಲು ಶತಮಾನಕ್ಕಿಂತ ಹೆಚ್ಚಾಗಿದೆ.

ಅದು ಮೊದಲು ರೂಪುಗೊಂಡದ್ದು ಓಟದ ಅಂಕಣದಲ್ಲಿ. 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಶ್ಲರ್, ಹೃದಯತಜ್ಞ ಹರ್ಬರ್ಟ್ ರೈಂಡೆಲ್ ಜೊತೆಗೂಡಿ ಸಣ್ಣ ಸಣ್ಣ ಓಟ, ನಡುವೆ ನಾಡಿಮಿಡಿತ ಇಳಿಯುವಷ್ಟು ಬಿಡುವು ಎಂಬ ‘ಇಂಟರ್ವಲ್’ ಪದ್ಧತಿಯನ್ನು ಬೆಳೆಸಿದರು. ಗೆರ್ಶ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರ್ ಓಟವನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಮುಗಿಸಿದರು. ಆ ವಿಶ್ವದಾಖಲೆ 1955ರವರೆಗೆ ನಿಂತಿತು. ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ತುಂಡು ಓಟಗಳನ್ನು ಹತ್ತಾರು ಸಲ ಮರಳಿ ಮರಳಿ ಓಡಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದರು.

ಅದೇ ಹೆಲ್ಸಿಂಕಿಯಲ್ಲಿ ಮಾಡರ್ನ್ ಪೆಂಟಾಥ್ಲಾನ್ ಸ್ಪರ್ಧಿಯಾಗಿದ್ದ ಆಸ್ಟ್ರೇಲಿಯಾದ ಫೋರ್ಬ್ಸ್ ಕಾರ್ಲೈಲ್, ಈಜು ತರಬೇತಿಗೆ ಇಂಟರ್ವಲ್ ಪದ್ಧತಿಯನ್ನೂ ಕೊಳದ ಪಕ್ಕ ನಿಲ್ಲಿಸುವ ದೊಡ್ಡ ಸೆಕೆಂಡ್ ಮುಳ್ಳಿನ ಗಡಿಯಾರವನ್ನೂ ತಂದವರಲ್ಲಿ ಮುಂಚೂಣಿಯವರು. ಅವರ ಶಿಷ್ಯೆ ಶೇನ್ ಗೌಲ್ಡ್ ಒಂದು ಹಂತದಲ್ಲಿ 100ರಿಂದ 1500 ಮೀಟರ್‌ವರೆಗಿನ ಎಲ್ಲ ಫ್ರೀಸ್ಟೈಲ್ ವಿಶ್ವದಾಖಲೆಗಳನ್ನೂ ಒಟ್ಟಿಗೆ ಹೊಂದಿದ್ದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅವರಿಗೆ ಬಂದದ್ದು ಐದು ಪದಕ. ಆದರೆ 1500 ಮೀಟರ್ ಈಜಲು ಅಲ್ಲಿ ಅವಕಾಶವೇ ಇರಲಿಲ್ಲ. ಪುರುಷರಿಗೆ 1908ರಿಂದಲೂ ಇದ್ದ ಆ ಸ್ಪರ್ಧೆ ಮಹಿಳೆಯರಿಗೆ ದೊರೆತದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ.

ಇಂಟರ್ವಲ್ ಅಭ್ಯಾಸ ದೇಹದೊಳಗೆ ಏನು ಮಾಡುತ್ತದೆ ಎಂಬುದೂ ಈಗ ತಿಳಿದಿದೆ. 1967ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಹಾಲೋಸಿ, ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿದ ಇಲಿಗಳ ಸ್ನಾಯುಗಳನ್ನು ಪರೀಕ್ಷಿಸಿದರು. ಜೀವಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿತ್ತು. ಮನುಷ್ಯರಲ್ಲೂ ಇದೇ ಜಾಡು: ಅಭ್ಯಾಸದ ಮೊದಲ ವಾರಗಳಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ; ತಿಂಗಳುಗಳು ಕಳೆದಂತೆ ಸ್ನಾಯುಗಳ ಸುತ್ತ ಸೂಕ್ಷ್ಮ ರಕ್ತನಾಳಗಳು ಹೊಸದಾಗಿ ಹೆಣೆದುಕೊಳ್ಳುತ್ತವೆ. ಅಂದರೆ ದಮ್ಮು ಕೂಡಿಡುವ ಜಾಗ ಶ್ವಾಸಕೋಶವಷ್ಟೇ ಅಲ್ಲ. ಹೃದಯ, ರಕ್ತ ಮತ್ತು ತೋಳಿನ ಸ್ನಾಯು ಕೂಡ. ಓಟಗಾರರ ಹೃದಯ ಆಗಲೇ ತಯಾರಿದೆ, ಅವರ ತೋಳು ಭುಜಗಳಿಗೆ ಮಾತ್ರ ಇದು ಹೊಸ ಪಾಠ.

ಹನ್ನೆರಡು ವಾರದ ಲೆಕ್ಕ

ಹಾಗಾದರೆ ಎರಡು ಲ್ಯಾಪಿಗೆ ದಣಿಯುವವರು 1500 ಮೀಟರ್ ತಲುಪುವುದು ಹೇಗೆ? 25 ಮೀಟರ್ ಕೊಳದಲ್ಲಿ ಒಂದು ಉದ್ದವನ್ನು ಒಂದು ಲ್ಯಾಪ್ ಎಂದು ಹಿಡಿದರೆ ಅದು ಅರವತ್ತು ಲ್ಯಾಪ್. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಕೊಳಗಳ ಬ್ಯಾಚಿನ ಸಮಯವೂ ಸುಮಾರಾಗಿ ಅಷ್ಟೇ.

ಮೊದಲ ಎರಡು ವಾರ ಒಂದೊಂದೇ ಲ್ಯಾಪ್. ಈಜಬೇಕು, 30 ಸೆಕೆಂಡ್ ನಿಲ್ಲಬೇಕು, ಮತ್ತೆ ಹೊರಡಬೇಕು. ಹದಿನಾರು ಸಲ ಆದರೆ 400 ಮೀಟರ್. ಮೂರು, ನಾಲ್ಕನೆಯ ವಾರ 50 ಮೀಟರ್‌ನ ತುಂಡುಗಳು ಹನ್ನೆರಡು, ಒಟ್ಟು 600. ಮುಂದಿನ ಎರಡು ವಾರ 100 ಮೀಟರ್‌ನವು ಎಂಟು, 800. ಏಳು, ಎಂಟನೆಯ ವಾರದಲ್ಲಿ 200ರ ಐದು ತುಂಡು ಸೇರಿ ಒಂದು ಕಿಲೋಮೀಟರ್. ಆಮೇಲೆ 400ರವು ಮೂರು, ನಡುವೆ ಒಂದೊಂದು ನಿಮಿಷ ಬಿಡುವು. ಕೊನೆಯ ಎರಡು ವಾರದಲ್ಲಿ, ಮೈ ಹಗುರವಾಗಿರುವ ಒಂದು ಬೆಳಿಗ್ಗೆ, ನಿಲ್ಲದೆ 1500. ಯಾವುದೋ ಹಂತ ಕಷ್ಟವೆನಿಸಿದರೆ ಅಲ್ಲೇ ಇನ್ನೆರಡು ವಾರ ಉಳಿಯುವುದರಲ್ಲಿ ನಷ್ಟವಿಲ್ಲ.

ಈ ಲೆಕ್ಕ ಫಲ ಕೊಡುವುದು ಒಂದೇ ಷರತ್ತಿನ ಮೇಲೆ: ಮೊದಲ ತುಂಡೂ ಕೊನೆಯ ತುಂಡೂ ಒಂದೇ ವೇಗದಲ್ಲಿರಬೇಕು. ಹುಮ್ಮಸ್ಸಿನಲ್ಲಿ ಮೊದಲ ಲ್ಯಾಪನ್ನು ಜೋರಾಗಿ ಈಜಿದವರು ಎಂಟು ಪಟ್ಟಿನ ಆ ಶಕ್ತಿಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. ಸರಿಯಾದ ವೇಗವನ್ನು ಅಳೆಯಲು ಒಂದು ಸುಲಭ ವಿಧಾನವಿದೆ. ಒಂದು ದಿನ 400 ಮೀಟರ್, ಚೆನ್ನಾಗಿ ಸುಧಾರಿಸಿಕೊಂಡು ಆಮೇಲೆ 200 ಮೀಟರ್, ಎರಡನ್ನೂ ಶಕ್ತಿಮೀರಿ ಈಜಿ ಸಮಯ ಬರೆದಿಟ್ಟುಕೊಳ್ಳುವುದು. 400ಕ್ಕೆ 10 ನಿಮಿಷ, 200ಕ್ಕೆ 4 ನಿಮಿಷ 40 ಸೆಕೆಂಡ್ ಹಿಡಿಯಿತು ಎನ್ನಿ. ವ್ಯತ್ಯಾಸ 200 ಮೀಟರ್‌ಗೆ 5 ನಿಮಿಷ 20 ಸೆಕೆಂಡ್. ಅಂದರೆ 100ಕ್ಕೆ 2 ನಿಮಿಷ 40 ಸೆಕೆಂಡ್. ಏದುಸಿರು ಬರದೆ ಬಹಳ ಹೊತ್ತು ಸಾಗಬಹುದಾದ ವೇಗದ ಮೇಲಂಚು ಇದು. ಅಭ್ಯಾಸವನ್ನು ಇದರ ಆಸುಪಾಸಿನಲ್ಲಿ, ಇದಕ್ಕಿಂತ ತುಸು ನಿಧಾನವಾಗಿ ಕಟ್ಟಿಕೊಂಡರೆ ದಮ್ಮು ಏರುತ್ತಾ ಹೋಗುತ್ತದೆ.

ಅಮೆರಿಕದ ಕೇಟಿ ಲೆಡೆಕಿ 2018ರಲ್ಲಿ 1500 ಮೀಟರನ್ನು 15 ನಿಮಿಷ 20.48 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. 50 ಮೀಟರ್ ಕೊಳದ ಮೂವತ್ತು ಉದ್ದಗಳಿಗೆ ಅದನ್ನು ಹಂಚಿದರೆ ಒಂದಕ್ಕೆ ಸರಾಸರಿ 30.7 ಸೆಕೆಂಡ್. ಅವರ ದೂರದ ಈಜನ್ನು ನೋಡಿದವರು ಮೆಚ್ಚುವುದು ಆ ಸಮ ಲಯವನ್ನೇ: ಲ್ಯಾಪ್ ಮೇಲೆ ಲ್ಯಾಪ್, ಗೀಟು ಎಳೆದ ಹಾಗೆ.

ಗಡಿಯಾರದ ಜೊತೆಗೆ ಇನ್ನೊಂದು ಅಳತೆಯನ್ನೂ ಅನುಭವಿಗಳು ಇಟ್ಟುಕೊಳ್ಳುತ್ತಾರೆ: ಒಂದು ಲ್ಯಾಪಿಗೆ ಎಷ್ಟು ಸಲ ತೋಳು ಬೀಸಿದೆ ಎಂಬ ಎಣಿಕೆ. ಹೊಸಬರಿಗೆ 25 ಮೀಟರ್ ದಾಟಲು ಮೂವತ್ತು ಬೀಸು ಬೇಕಾಗಬಹುದು. ಭಂಗಿ ನೇರವಾದಂತೆ, ಪ್ರತಿ ಎಳೆತದ ನಂತರ ಒಂದು ಕ್ಷಣ ಜಾರಿಹೋಗುವುದನ್ನು ಕಲಿತಂತೆ, ಅದು ಇಪ್ಪತ್ತಕ್ಕೆ ಇಳಿಯುತ್ತದೆ. ಇಪ್ಪತ್ತರ ಲೆಕ್ಕದಲ್ಲೂ ಅರವತ್ತು ಲ್ಯಾಪಿಗೆ 1,200 ಬೀಸು. ಭುಜದ ಕೀಲಿಗೆ ಇದು ಸಣ್ಣ ಕೆಲಸವಲ್ಲ. ಈಜುಗಾರರನ್ನು ಹೆಚ್ಚಾಗಿ ಕಾಡುವ ನೋವು ಭುಜದ್ದೇ. ದೂರವನ್ನು ಒಮ್ಮೆಲೇ ಏರಿಸದಿರುವುದು, ನಡುನಡುವೆ ಬ್ಯಾಕ್‌ಸ್ಟ್ರೋಕ್ ಈಜುವುದು, ದಡದ ಮೇಲೆ ರಬ್ಬರ್ ಪಟ್ಟಿ ಎಳೆದು ಭುಜದ ಹಿಂಭಾಗವನ್ನು ಗಟ್ಟಿಮಾಡಿಕೊಳ್ಳುವುದು ಇದಕ್ಕೆ ಇರುವ ರಕ್ಷೆ. ನೋವು ಚುಚ್ಚತೊಡಗಿದರೆ ಆ ದಿನಕ್ಕೆ ನಿಲ್ಲಿಸಬೇಕು.

ನೀರಿನಲ್ಲೂ ಬೆವರುತ್ತದೆ, ಗೊತ್ತಾಗುವುದಿಲ್ಲ ಅಷ್ಟೇ. ಕೊಳದ ಅಂಚಿನಲ್ಲಿ ಕುಡಿಯುವ ನೀರಿನ ಬಾಟಲಿ ಇಟ್ಟುಕೊಳ್ಳುವುದು ಒಳ್ಳೆಯದು. ನಾಡಿ ನೋಡಿಕೊಳ್ಳುವವರು ನೆನಪಿಡಬೇಕಾದ ಸಂಗತಿಯೊಂದಿದೆ: ನೀರಿನಲ್ಲಿ ಮಲಗಿದ ಭಂಗಿಯಲ್ಲಿ ರಕ್ತ ಹೃದಯಕ್ಕೆ ಸಲೀಸಾಗಿ ಮರಳುವುದರಿಂದ ಅಷ್ಟೇ ಶ್ರಮಕ್ಕೆ ಬಡಿತ ನೆಲದ ಮೇಲಿಗಿಂತ ನಿಮಿಷಕ್ಕೆ ಹತ್ತರಷ್ಟು ಕಡಿಮೆ ಇರುತ್ತದೆ. ಓಟದ ಅಂಕಿಯನ್ನು ಇಲ್ಲಿ ಗುರಿಯಾಗಿಟ್ಟುಕೊಂಡರೆ ಅತಿಯಾಗುತ್ತದೆ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಶುರುಮಾಡುವ ಮುಂಚೆ ವೈದ್ಯರನ್ನು ಕಾಣಲೇಬೇಕು.

ಹೆದರಿಕೆ ದಾಟಿದವರು, ಬಿಡುವು ದಾಟಿದವರು

ಬೆಂಗಳೂರಿನ ನಿಶಾ ಮಿಲೆಟ್ ಐದು ವರ್ಷದವರಿದ್ದಾಗ ನೀರಿನಲ್ಲಿ ಮುಳುಗಿ ಸಾಯುವುದರಲ್ಲಿದ್ದರು. ಆ ಭಯ ಕಳೆಯಲೆಂದೇ ತಂದೆ ಮಗಳನ್ನು ಈಜಿಗೆ ಸೇರಿಸಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಅವರು ಭಾರತವನ್ನು ಪ್ರತಿನಿಧಿಸಿದರು. ಇಪ್ಪತ್ನಾಲ್ಕು ವರ್ಷಗಳ ಬಳಿಕ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಗೆ ಇಳಿದವರು ಬೆಂಗಳೂರಿನವರೇ ಆದ ಧಿನಿಧಿ ದೇಸಿಂಗು. ಆಗ ವಯಸ್ಸು 14, ಭಾರತ ತಂಡದಲ್ಲೇ ಕಿರಿಯರು.

ದಮ್ಮು ಕಟ್ಟುವುದಕ್ಕಿಂತ ಬೇಗ ಕರಗುತ್ತದೆ ಎಂಬುದು ನಮ್ಮ ಈಜುಗಾರರಿಗೆ ಕಹಿಯಾಗಿ ಗೊತ್ತಾದದ್ದು 2020ರಲ್ಲಿ. ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ದೇಶದ ಕೊಳಗಳೆಲ್ಲ ಮುಚ್ಚಿದವು. ಸ್ಪರ್ಧಿಗಳ ತರಬೇತಿಗೆಂದು ತೆರೆಯಲು ಅನುಮತಿ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ಅಭ್ಯಾಸ ನಿಂತರೆ ಏನಾಗುತ್ತದೆ ಎಂದು ಅಮೆರಿಕದ ಎಡ್ವರ್ಡ್ ಕಾಯ್ಲ್ 1984ರಲ್ಲಿ ಅಳೆದು ತೋರಿಸಿದ್ದರು: ಪಳಗಿದ ಕ್ರೀಡಾಪಟುಗಳು ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೂರು ವಾರದೊಳಗೆ ಶೇ 7ರಷ್ಟು, ಸುಮಾರು ಎರಡು ತಿಂಗಳಲ್ಲಿ ಶೇ 16ರಷ್ಟು ಕುಸಿದಿತ್ತು. ಇಲ್ಲಿ ಏಳು ತಿಂಗಳು.

ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನ ಕೋಚ್ ಆಗಿದ್ದ ಎಸ್. ಪ್ರದೀಪ್ ಕುಮಾರ್ ಅವರ ಗರಡಿಯಲ್ಲಿ ಪಳಗಿದ, ಕೇರಳ ಮೂಲದ ಸಾಜನ್ ಪ್ರಕಾಶ್ ಅವರಿಗೆ ಆ ಹೊತ್ತಿನಲ್ಲಿ ಕುತ್ತಿಗೆಯ ನೋವೂ ಇತ್ತು. ದುಬೈಗೆ ಹೋಗಿ ಅಭ್ಯಾಸವನ್ನು ಮತ್ತೆ ಕೆಳಗಿನಿಂದ ಕಟ್ಟಿದರು. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈ ಈಜನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿ, ಒಲಿಂಪಿಕ್ಸ್‌ನ ‘ಎ’ ಅರ್ಹತಾ ಮಟ್ಟವನ್ನು 0.10 ಸೆಕೆಂಡಿನಿಂದ ದಾಟಿದರು. ಅದೇ ಕೂಟದಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡಿನಲ್ಲಿ ಈಜಿದರು.

ವಯಸ್ಸಿನ ಅಂಜಿಕೆ ಇರುವವರಿಗೆ ಜೇಮ್ಸ್ ಕೌನ್ಸಿಲ್ಮನ್ ಇದ್ದಾರೆ. ಮಾರ್ಕ್ ಸ್ಪಿಟ್ಜ್ ಅವರಂಥ ಈಜುಗಾರರಿಗೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿದ್ದ, ಈಜಿನ ವಿಜ್ಞಾನದ ಬಗ್ಗೆ ಗ್ರಂಥ ಬರೆದಿದ್ದ ಅವರು 1979ರಲ್ಲಿ ತಾವೇ ಇಂಗ್ಲಿಷ್ ಕಾಲುವೆಗೆ ಇಳಿದರು. ದಾಟಿದಾಗ ವಯಸ್ಸು 58. ಅಲ್ಲಿಯವರೆಗೆ ಅದನ್ನು ದಾಟಿದವರಲ್ಲಿ ಅವರೇ ಹಿರಿಯರು.

ಒಲಿಂಪಿಕ್ಸ್‌ನ 1500 ಮೀಟರ್ ಸ್ಪರ್ಧೆಯಲ್ಲಿ ಮುಂದಿರುವವರಿಗೆ ಇನ್ನೆರಡು ಉದ್ದ ಉಳಿದಿದೆ ಎನ್ನುವಾಗ ಗಂಟೆ ಬಾರಿಸುತ್ತಾರೆ. ಬಡಾವಣೆಯ ಕೊಳದಲ್ಲಿ ಆ ವ್ಯವಸ್ಥೆ ಇಲ್ಲ. ಮೂರು ತಿಂಗಳ ನಂತರದ ಒಂದು ಬೆಳಿಗ್ಗೆ, ಕೊನೆಯ ಲೇನಿನ ಇಬ್ಬರು ಆರು ಗಂಟೆ ಹತ್ತು ನಿಮಿಷಕ್ಕೆ ಹೊರಡುತ್ತಾರೆ. 100 ಮೀಟರ್‌ಗೆ 2 ನಿಮಿಷ 40 ಸೆಕೆಂಡ್ ಲೆಕ್ಕದಲ್ಲಿ 1500ಕ್ಕೆ ಸರಿಯಾಗಿ 40 ನಿಮಿಷ. ಬಾವಿಯವರ ತಲೆ ಈಗ ನೀರಿನೊಳಗಿದೆ. ಓಟಗಾರರ ಕಾಲು ಸದ್ದು ಮಾಡುತ್ತಿಲ್ಲ. ನಲವತ್ತೊಂದೋ ನಲವತ್ತೆರಡೋ ಎಂದು ನಡುವೆ ಒಮ್ಮೆ ಎಣಿಕೆ ತಪ್ಪಿ, ಕಡಿಮೆಯದನ್ನೇ ಹಿಡಿದುಕೊಂಡು ಮುಂದುವರಿಯುತ್ತಾರೆ. ಮುಗಿಸಿ ಗೋಡೆ ಮುಟ್ಟಿ ಕನ್ನಡಕ ಎತ್ತಿದಾಗ ಗಡಿಯಾರದಲ್ಲಿ ಏಳಕ್ಕೆ ಒಂಬತ್ತು ನಿಮಿಷ ಇರುತ್ತದೆ. ಇಬ್ಬರೂ ಪೂರ್ತಿ ವಾಕ್ಯಗಳಲ್ಲಿ ಮಾತಾಡಬಲ್ಲರು, ನಡುವೆ ಉಸಿರು ಹಿಡಿಯಬೇಕಿಲ್ಲ. ದಡದ ಮೇಲೆ ಗಾರ್ಡ್ ಸೀಟಿ ಊದಲು ಕೈಗಡಿಯಾರ ನೋಡಿಕೊಳ್ಳುತ್ತಾನೆ. ಎರಡನೆಯ ಬ್ಯಾಚಿನವರು ಟವೆಲ್ ಹೆಗಲಿಗೆ ಹಾಕಿಕೊಂಡು ಷವರಿನ ಬಳಿ ಸಾಲುಗಟ್ಟಿದ್ದಾರೆ.